ಜಕಾರ್ತಾ–ಬಂಡುಂಗ್ ‘ವೂಶ್’ ರೈಲು: ವೇಗಕ್ಕೆ ಪೂರ್ಣಾಂಕ, ನಿಲ್ದಾಣಕ್ಕೆ ಅಲ್ಲ

ಇಂಡೋನೇಷ್ಯಾದ ಕಂಪನಿಗಳು ಶೇ 60ರಷ್ಟು ಮತ್ತು ಚೀನಾದ ಕಂಪನಿಗಳು ಶೇ 40ರಷ್ಟು ಪಾಲು ಹೊಂದಿರುವ ಜಂಟಿ ಸಂಸ್ಥೆಯು 2023ರ ಅಕ್ಟೋಬರ್‌ನಿಂದ ಓಡಿಸುತ್ತಿರುವ ‘ವೂಶ್’, ಸಾಮಾನ್ಯ ರೈಲಿಗೆ ಸುಮಾರು 3 ಗಂಟೆ ಹಿಡಿಯುವ ಪ್ರಯಾಣವನ್ನು ಮುಕ್ಕಾಲು ಗಂಟೆಗೆ ಇಳಿಸಿದೆ. ಬೋಗಿಯೊಳಗಿನ ಫಲಕದಲ್ಲಿ ವೇಗವು ಗಂಟೆಗೆ 350 ಕಿ.ಮೀ. ಸಮೀಪಿಸುತ್ತಿದ್ದಂತೆ ಪ್ರಯಾಣಿಕರೆಲ್ಲ ಮೊಬೈಲ್ ಎತ್ತುತ್ತಾರೆ. ನನಗೆ ಅದಕ್ಕಿಂತ ಹೆಚ್ಚಾಗಿ ಮೆಚ್ಚುಗೆಯಾದದ್ದು ಆ ವೇಗದಲ್ಲೂ ಬೋಗಿ ಕುಲುಕದೆ ಸಾಗುವ ಪರಿ. ಎರಡನೇ ದರ್ಜೆಯಲ್ಲಿ ಮೂರು–ಎರಡರ ಸಾಲಿನ ಆಸನಗಳಿದ್ದು, ಈ ಅಲ್ಪ ದೂರಕ್ಕೆ ಅಷ್ಟು ಸಾಕು. 142 ಕಿ.ಮೀ.ನ ಈ ಮಾರ್ಗವು ಬಂಡುಂಗ್ ನಗರದ ಹೊರವಲಯದಲ್ಲಿರುವ ತೆಗಲ್ಲುವಾರ್‌ನಲ್ಲಿ ಮುಗಿಯುವುದರಿಂದ, ನಗರದೊಳಗೆ ಹೋಗುವವರು ಅದಕ್ಕೂ ಮೊದಲೇ ಸಿಗುವ ಪದಲಾರಂಗ್‌ನಲ್ಲಿ ಇಳಿದು, ಪ್ರತ್ಯೇಕ ದರವಿಲ್ಲದ ಸಂಪರ್ಕ ರೈಲು ಹಿಡಿಯುವುದೇ ಲೇಸು.