ಲೈನ್ ಸೇಲ್ಸೋ, ಏಜೆನ್ಸಿಯೋ? ಕಾಸರಗೋಡಿನಿಂದ ಮಾರ್ಕೆಟಿಂಗಿಗೆ ಇಳಿಯುವವರಿಗೆ

ಬಿ.ಕಾಂ. ಮುಗಿಸಿ ಎರಡನ್ನೂ ಮಾಡಿ ನೋಡಿದ್ದೇನೆ. ಮೊದಲು ಕಾಸರಗೋಡಿನ ಒಬ್ಬ ಸ್ಟಾಕಿಸ್ಟರಲ್ಲಿ (ಕಂಪನಿಯ ಮಾಲು ತರಿಸಿ ಅಂಗಡಿಗಳಿಗೆ ಹಂಚುವವರು) ಬಿಸ್ಕತ್ತು, ಸಾಬೂನಿನ ಲೈನ್ ಸೇಲ್ಸ್, ಅಂದರೆ ಅಂಗಡಿ ಅಂಗಡಿಗೆ ಹೋಗಿ ಆರ್ಡರ್ ತರುವ ಕೆಲಸ. ಆಮೇಲೆ ಮಂಗಳೂರಿನ ಒಂದು ಸಣ್ಣ ಡಿಜಿಟಲ್ ಏಜೆನ್ಸಿ. ಯಾವುದಕ್ಕೆ ಮೊದಲು ಸೇರಬೇಕೆಂದು ಕೇಳಿದರೆ ಲೈನಿಗೆ ಎನ್ನುತ್ತೇನೆ.

ಲೈನಿನಲ್ಲಿ ದಿನಕ್ಕೊಂದು ಬೀಟ್, ಅಂದರೆ ಆ ದಿನ ಸುತ್ತಬೇಕಾದ ಅಂಗಡಿಗಳ ದಾರಿ. ಇವತ್ತು ಉಪ್ಪಳ, ನಾಳೆ ಪೆರ್ಲ, ನಾಡಿದ್ದು ಮುಳ್ಳೇರಿಯ. ಅಂಗಡಿಯ ಸ್ಟಾಕ್ ನೋಡಿ, ಸ್ಕೀಮ್ (ಕಂಪನಿಯ ಆಫರ್) ಹೇಳಿ, ಆರ್ಡರ್ ಬರೆದು, ಹಳೇ ಬಾಕಿ ಕೇಳಬೇಕು. ಡೇಟ್ ಮುಗಿದ ಮಾಲಿನ ತಕರಾರಿಗೂ ಕಿವಿಗೊಡಬೇಕು. ಉಪ್ಪಳದಲ್ಲಿ ‘ಇಚ್ಚಾ’ (ಅಣ್ಣಾ) ಎಂದು ಕರೆದು ಮಲಯಾಳದಲ್ಲಿ ವ್ಯಾಪಾರ. ಪೆರ್ಲದಲ್ಲಿ ಭಟ್ಟರ ಹತ್ತಿರ ಕನ್ನಡ, ಪಕ್ಕದಂಗಡಿಯಲ್ಲಿ ತುಳು. ಹೊರಗಿನಿಂದ ಬಂದವರು ವರ್ಷಗಟ್ಟಲೆ ಕಲಿಯಬೇಕಾದದ್ದು ನಮಗೆ ಮನೆಯಂಗಳದಲ್ಲೇ ಬಂದಿದೆ. ಸಂದರ್ಶನದಲ್ಲಿ ನಿಮ್ಮ ಮಾರ್ಕಿಗಿಂತ ಮೊದಲು ಇದನ್ನು ಹೇಳಿ.

ಇನ್ನೂ ದೊಡ್ಡ ಲಾಭವೆಂದರೆ ಗಿರಾಕಿಯ ಕೈಗೆ ದುಡ್ಡು ಯಾವಾಗ ಬರುತ್ತದೆಂಬುದು ತಿಳಿಯುತ್ತದೆ. ಬದಿಯಡ್ಕದ ಒಳಭಾಗದಲ್ಲಿ ಅಡಿಕೆ ದರ ಇಳಿದರೆ ದೊಡ್ಡ ಪ್ಯಾಕ್ ನಿಂತು ಸಣ್ಣ ಪ್ಯಾಕ್ ಓಡುತ್ತದೆ. ಹಾಗಾಗಿ ಬೀಟಿಗೆ ಹೊರಡುವ ಮೊದಲು ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ದರ ನೋಡುವ ಅಭ್ಯಾಸ ನನಗಾಯಿತು. ಕರಾವಳಿ ಬದಿಯಲ್ಲಿ ಗಲ್ಫಿನವರು ರಜೆಗೆ ಬಂದಾಗ, ಪೆರ್ನಾಳಿಗೆ (ಈದ್ ಹಬ್ಬಕ್ಕೆ) ಮುಂಚೆ, ಲೆಕ್ಕವೇ ಬೇರೆ. ಇದು ಯಾವ ಪಠ್ಯದಲ್ಲೂ ನನಗೆ ಸಿಕ್ಕಿರಲಿಲ್ಲ.

ಏಜೆನ್ಸಿಯಲ್ಲಿ ಹೊಸಬರಿಗೆ ಸಿಗುವುದು ಪೋಸ್ಟರ್, ಕ್ಯಾಪ್ಶನ್, ತಿಂಗಳ ರಿಪೋರ್ಟ್. ಸ್ಟೈಪೆಂಡ್ ಕಡಿಮೆ, ಸುಮಾರು 50 ಕಿಲೋಮೀಟರ್ ದೂರದ ಓಡಾಟ ಬೇರೆ. ಆದರೆ ಅಳೆಯುವುದನ್ನು ಕಲಿಸಿದ್ದು ಅದೇ. ಲೈನಿನಲ್ಲಿ ಮಾಲು ಹೋದದ್ದು ಸ್ಕೀಮಿನಿಂದಲೋ ಡಿಸ್‌ಪ್ಲೇಯಿಂದಲೋ ಹೇಳುವುದು ಕಷ್ಟ. ಫೇಸ್‌ಬುಕ್ ಜಾಹೀರಾತಿನಲ್ಲಾದರೆ ನಕಾಶೆಯಲ್ಲಿ ಪಿನ್ ಇಟ್ಟು, ಸುತ್ತ ಇಷ್ಟು ಕಿಲೋಮೀಟರ್ ಎಂದು ಗುರುತಿಸಿ, ಒಂದೊಂದು ವಿಚಾರಣೆಗೆ ಎಷ್ಟು ಖರ್ಚಾಯಿತೆಂದು ನೋಡಬಹುದು. ಕುಂಬಳೆಯಲ್ಲಿ ಪಿನ್ ಇಟ್ಟರೆ ಆ ವೃತ್ತದೊಳಗೆ ಕನ್ನಡ ಓದುವವರೂ ಮಲಯಾಳ ಓದುವವರೂ ಇರುತ್ತಾರೆ. ಎರಡು ಭಾಷೆಗೂ ಬೇರೆ ಬೇರೆ ಜಾಹೀರಾತು ಮಾಡಿ, ಸಣ್ಣ ಮೊತ್ತ ಹಂಚಿ ನೋಡೋಣವೆಂದು ಆಫೀಸಿನಲ್ಲಿ ಪಟ್ಟುಹಿಡಿದೆ. ಒಂದು ಬಟ್ಟೆ ಅಂಗಡಿಗೆ ಓಣಂ ಆಫರಿನಲ್ಲಿ ಮಲಯಾಳದ್ದು, ಚೌತಿಗೆ ಕನ್ನಡದ್ದು ಓಡಿತು. ಬೀಟ್ ತಿರುಗಿರದಿದ್ದರೆ ಆ ಯೋಚನೆ ನನಗೆ ಹೊಳೆಯುತ್ತಿರಲಿಲ್ಲ.

ದುಬಾರಿ ಕೋರ್ಸುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೂಗಲಿನ ಆನ್‌ಲೈನ್ ತರಬೇತಿ ತಾಣ ಸ್ಕಿಲ್‌ಶಾಪ್‌ನಲ್ಲಿ ಜಾಹೀರಾತಿನ ಪಾಠವೂ ಪರೀಕ್ಷೆಯೂ ಉಚಿತ. 80 ಶೇಕಡಾ ಬಂದರೆ ಪಾಸು, ಸರ್ಟಿಫಿಕೇಟಿಗೆ 1 ವರ್ಷದ ಮಾನ್ಯತೆ. ಲೈನಿನಲ್ಲಿರುವಾಗಲೇ ರಾತ್ರಿ ಕೂತು ಮುಗಿಸಬಹುದು. ಅಪ್ಪನ ಅಡಿಕೆ ದುಡ್ಡು ಫೀಸಿಗೆ ಸುರಿಯಬೇಡಿ.

ಸ್ಕೂಟರ್ ಇಲ್ಲದವರಿಗೆ, ಜೂನಿನ ಮಳೆ ತಾಳದವರಿಗೆ ಲೈನ್ ಕಷ್ಟ. ಅವರು ಏಜೆನ್ಸಿಯಿಂದಲೇ ಶುರುಮಾಡಲಿ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಲೈನಿಗೆ ತೆಗೆದುಕೊಳ್ಳುವ ಸ್ಟಾಕಿಸ್ಟರು ಕಡಿಮೆ. ನಾಲ್ಕು ಭಾಷೆ ಬಲ್ಲ ಹುಡುಗಿಯನ್ನು ಬಿಲ್ಲಿಂಗಿಗೆ ಕೂರಿಸುವುದು ಅನ್ಯಾಯ, ಇದು ಬದಲಾಗಬೇಕು.

ಲೈನಿಗೆ ಸೇರುವ ಮೊದಲು ಎರಡು ವಿಷಯ ಬಾಯಿಬಿಟ್ಟು ಕೇಳಿ: ಪೆಟ್ರೋಲ್ ಭತ್ಯೆ ಕಿಲೋಮೀಟರಿನ ಲೆಕ್ಕದಲ್ಲಿಯೋ, ತಿಂಗಳಿಗೆ ಇಂತಿಷ್ಟೆಂದೋ? ಇನ್ಸೆಂಟಿವ್ ಆರ್ಡರಿನ ಮೇಲೋ, ವಸೂಲಿಯ ಮೇಲೋ? ವಸೂಲಿಯ ಮೇಲೆಂದರೆ, ಆ ಬೀಟಿನ ಹಳೇ ಬಾಕಿ ಯಾರ ತಲೆಗೆ ಎಂಬುದನ್ನು ಬರೆಸಿಕೊಂಡೇ ಒಪ್ಪಿಕೊಳ್ಳಿ.