ನೀಲ್ ಯಂಗ್: ಯಾವ ಆಲ್ಬಂನಿಂದ ಶುರು ಮಾಡಬೇಕು?

ಕೆನಡಾದ ಈ ಹಾಡುಗಾರನ ಸ್ಟುಡಿಯೋ ಆಲ್ಬಂಗಳೇ 40ಕ್ಕೂ ಜಾಸ್ತಿ. ಸಾಲಾಗಿ ಕೇಳಲು ಹೊರಟರೆ ಅರ್ಧದಲ್ಲೇ ಸುಸ್ತಾಗುತ್ತದೆ.

ಮೊದಲು 1970ರ ‘ಆಫ್ಟರ್ ದ ಗೋಲ್ಡ್ ರಶ್’ ಕೇಳಿ. ಸುಮಾರು 35 ನಿಮಿಷ, ಕಾಸರಗೋಡಿನಲ್ಲಿ ರೈಲು ಹತ್ತಿದರೆ ಮಂಗಳೂರು ಬರುವ ಮೊದಲೇ ಮುಗಿಯುತ್ತದೆ. ಶೀರ್ಷಿಕೆ ಹಾಡಿನಲ್ಲಿ ಪಿಯಾನೋ, ಆ ತೆಳ್ಳಗಿನ ಎತ್ತರದ ದನಿ, ನಡುವೆ ಒಂಟಿ ಕೊಂಬಿನ ವಾದ್ಯ, ಅಷ್ಟೇ. ಎದೆ ತುಂಬಿ ಬರುತ್ತದೆ.

ಎಲ್ಲರೂ ಹೇಳುವುದು 1972ರ ‘ಹಾರ್ವೆಸ್ಟ್’. ಚೆನ್ನಾಗಿದೆ, ‘ಹಾರ್ಟ್ ಆಫ್ ಗೋಲ್ಡ್’ ಇರುವುದು ಅದರಲ್ಲೇ ಅಲ್ವಾ. ಆದರೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಸೇರಿದ ಎರಡು ಹಾಡುಗಳು ನನಗೆ ಭಾರ ಅನಿಸುತ್ತವೆ, ಹಾಗಾಗಿ ಅದಕ್ಕೆ ಎರಡನೇ ಜಾಗ.

ಆಮೇಲೆ ತಪ್ಪಿಸಲೇಬಾರದ್ದು 1969ರ ‘ಎವ್ರಿಬಡಿ ನೋಸ್ ದಿಸ್ ಈಸ್ ನೋವೇರ್’. ಕ್ರೇಜಿ ಹಾರ್ಸ್ ತಂಡದ ಜೊತೆ ಮೊದಲ ಆಲ್ಬಂ. ‘ಡೌನ್ ಬೈ ದ ರಿವರ್’ 9 ನಿಮಿಷಕ್ಕೂ ಉದ್ದ, ಅದರ ಗಿಟಾರ್ ಸೋಲೋ ಶುರುವಾಗುವಾಗ ಒಂದೇ ಸ್ವರವನ್ನು ಬಿಡದೆ ಕುಟ್ಟುತ್ತಾ ಹೋಗುತ್ತಾನೆ, ಇನ್ನು ಬದಲಾಗುತ್ತದೆ ಅಂದುಕೊಂಡರೂ ಬದಲಾಗುವುದಿಲ್ಲ. ರಾತ್ರಿಯಿಡೀ ಬಯಲಾಟದ ಚೆಂಡೆ ಕೇಳಿ ಬೆಳೆದ ಕುಂಬಳೆ ಕಡೆಯವರಿಗೆ ಈ ಹಟ ಬೇಗ ಹಿಡಿಸುತ್ತದೆ.

1975ರ ‘ಟುನೈಟ್ಸ್ ದ ನೈಟ್’ ನನಗೆ ಎಲ್ಲಕ್ಕಿಂತ ಇಷ್ಟ. ಇಬ್ಬರು ಗೆಳೆಯರನ್ನು ಮಾದಕ ವಸ್ತುವಿಗೆ ಕಳೆದುಕೊಂಡ ದುಃಖ ಅದರಲ್ಲಿದೆ. ದನಿ ಒಡೆಯುತ್ತದೆ, ಶ್ರುತಿ ತಪ್ಪುತ್ತದೆ, ಅದನ್ನೆಲ್ಲ ಹಾಗೇ ಬಿಟ್ಟಿದ್ದಾನೆ. ಶುರುವಿಗೆ ಮಾತ್ರ ಬೇಡ. ದನಿ ಪರಿಚಯವಾದ ಮೇಲೆ ಕೇಳಿ. ಹಾಡುವ ದನಿಯನ್ನು ಯಂತ್ರದ ದನಿಯಂತೆ ಮಾಡುವ ವೊಕೋಡರ್ ಉಪಕರಣ ತುಂಬಿದ 1982ರ ‘ಟ್ರಾನ್ಸ್’ ಇನ್ನೂ ತಡವಾದರೂ ಪರವಾಗಿಲ್ಲ.