ಗ್ರಾಹಕ ಪ್ರೋಟೀನಿನ ಕೋಶಕೇಂದ್ರ ಪ್ರವೇಶ ಅಳೆಯುವ ಕಿಟ್: ಒಂದು ವಿಮರ್ಶೆ

ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕಕ್ಕೆ (ಸ್ಟೀರಾಯ್ಡ್ ಅಂಟಿಕೊಂಡಾಗ ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ಚುರುಕುಗೊಳಿಸುವ ಪ್ರೋಟೀನು) ಜಿಎಫ್‌ಪಿ ಎಂಬ ಹಸಿರು ಪ್ರತಿದೀಪ್ತ ಪ್ರೋಟೀನನ್ನು ಬೆಸೆದ ಯು2ಓಎಸ್ ಎಂಬ, ಮಾನವ ಮೂಳೆ ಕ್ಯಾನ್ಸರ್ ಮೂಲದ ಜೀವಕೋಶಗಳ ಕಿಟ್ಟನ್ನು ನಮ್ಮ ಪ್ರಯೋಗಾಲಯದಲ್ಲಿ ಬಳಸುತ್ತಿದ್ದೇವೆ. ಸ್ಟೀರಾಯ್ಡ್ ಇಲ್ಲದಾಗ ಈ ಗ್ರಾಹಕವು ಎಚ್‌ಎಸ್‌ಪಿ90 ಮೊದಲಾದ ಸಹಾಯಕ ಪ್ರೋಟೀನುಗಳ ಜೊತೆ ಬಹುಪಾಲು ಕೋಶದ್ರವ್ಯದಲ್ಲಿಯೇ ಉಳಿದಿರುತ್ತದೆ. 100 ನ್ಯಾನೊಮೋಲಾರ್ ಡೆಕ್ಸಾಮೆಥಸೋನ್ ಎಂಬ ಕೃತಕ ಸ್ಟೀರಾಯ್ಡ್ ಸೇರಿಸಿ ಅರ್ಧ ಗಂಟೆ ಬಿಟ್ಟು ನೋಡಿದರೆ, ಕೋಶದ ತುಂಬ ಹರಡಿದ್ದ ಹಸಿರು ಒಳಕ್ಕೆ ಸರಿದು, ಹೋಕ್ಸ್ಟ್ 33342 ಬಣ್ಣ ತೋರಿಸುವ ನೀಲಿ ಕೋಶಕೇಂದ್ರದ ಮೇಲೆ ಸರಿಯಾಗಿ ಕೂತಿರುತ್ತದೆ. ಈ ಕೋಶಗಳು ಚಪ್ಪಟೆಯಾಗಿ ಬೆಳೆಯುವುದರಿಂದ ಒಳಹೊರಗಿನ ಗಡಿ ಗುರುತಿಸುವುದು ಚಿತ್ರ ವಿಶ್ಲೇಷಿಸುವ ತಂತ್ರಾಂಶಕ್ಕೂ ಸುಲಭ. ಇಷ್ಟರ ಮಟ್ಟಿಗೆ ಕಿಟ್ ಕೊಟ್ಟ ಹಣಕ್ಕೆ ಮೋಸವಿಲ್ಲ.

ಕೈಪಿಡಿಯ ಬಗ್ಗೆ ಮಾತ್ರ ತಕರಾರಿದೆ. ಕೋಶಗಳನ್ನು ಬೆಳೆಸಲು ಬಳಸುವ ಸಾಮಾನ್ಯ ಸೀರಮ್ಮಿನಲ್ಲಿ ಸ್ಟೀರಾಯ್ಡ್‌ಗಳು ಇರುವುದರಿಂದ, ಔಷಧ ಹಾಕುವ ಮೊದಲೇ ಗ್ರಾಹಕವು ಭಾಗಶಃ ಒಳಗೆ ಹೋಗಿರಬಹುದು. ಇದ್ದಿಲಿನಿಂದ ಶುದ್ಧೀಕರಿಸಿದ ಸೀರಮ್ ಬಳಸಬೇಕೆಂಬ ಈ ಮುಖ್ಯ ಸೂಚನೆಯನ್ನು ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಹಾಕಿರುವುದು ಯಾವ ಬುದ್ಧಿವಂತಿಕೆಯೋ ತಿಳಿಯದು.

ಕೊಳ್ಳುವವರು ಇನ್ನೊಂದು ಮಿತಿಯನ್ನೂ ಗಮನಿಸಬೇಕು. ಗ್ರಾಹಕದ ಕೆಲಸವನ್ನು ತಡೆಯುವ ಮಿಫೆಪ್ರಿಸ್ಟೋನ್ ಕೂಡ ಅದನ್ನು ಕೋಶಕೇಂದ್ರಕ್ಕೆ ಕಳುಹಿಸುತ್ತದೆ. ಆದ್ದರಿಂದ ಹಸಿರು ಒಳಗೆ ಹೋದ ಮಾತ್ರಕ್ಕೆ ಜೀನುಗಳು ಚುರುಕಾದವು ಎನ್ನಲಾಗದು, ಅದಕ್ಕೆ ಲೂಸಿಫರೇಸ್‌ನಂಥ ಪ್ರತ್ಯೇಕ ಪರೀಕ್ಷೆ (ಜೀನು ಚುರುಕಾದರೆ ಬೆಳಕು ಸೂಸುವಂಥದು) ಬೇಕೇ ಬೇಕು. ವಿಷಕಾರಿ ಸಂಯುಕ್ತಗಳಿಂದ ಕೋಶಗಳು ದುಂಡಗಾದಾಗ ಕೋಶದ್ರವ್ಯದ ಹಸಿರು ಕೋಶಕೇಂದ್ರದ ಮೇಲೆಯೇ ಗುಡ್ಡೆಯಾಗಿ ಕಾಣುವುದರಿಂದ, ತಂತ್ರಾಂಶದ ಅಂಕಿಯನ್ನಷ್ಟೇ ನಂಬದೆ ಮೂಲ ಚಿತ್ರವನ್ನೂ ತೆರೆದು ನೋಡುವುದು ಒಳ್ಳೆಯದು.